ಡ್ರೋನ್ ಹಾರಿಸದ ಡಾಕ್ಯುಮೆಂಟರಿ ಯಾವುದಾದ್ರೂ ಇದ್ರೆ ಹೇಳಿ

ಮಾತ್ರೆ_ಅಂಗಡಿ (ಕೊಳ್ಳೇಗಾಲ):

ನಮಸ್ಕಾರ. ಮೊದಲೇ ಹೇಳಿಬಿಡ್ತೀನಿ, ನಾನು ಸಿನಿಮಾ ಪಂಡಿತೆ ಅಲ್ಲ. ಕೊಳ್ಳೇಗಾಲದಲ್ಲಿ ನಮ್ಮದೊಂದು ಮೆಡಿಕಲ್ ಸ್ಟೋರ್ ಇದೆ. ಮಧ್ಯಾಹ್ನ ಡಾಕ್ಟರುಗಳು ಊಟಕ್ಕೆ ಹೋದ್ರೆ ಸಾಯಂಕಾಲ ಕ್ಲಿನಿಕ್ ತೆಗೆಯೋ ತನಕ ಗಿರಾಕಿ ಕಮ್ಮಿ. ಆ ಹೊತ್ತಲ್ಲಿ ಮೊಬೈಲನ್ನ ಬಿಲ್ಲಿಂಗ್ ಕಂಪ್ಯೂಟರಿಗೆ ಒರಗಿಸಿಟ್ಟು ಏನಾದ್ರೂ ನೋಡ್ತಿರ್ತೀನಿ. ಯಾರಾದ್ರೂ ಕೆಮ್ಮಿನ ಸಿರಪ್ ಕೇಳ್ಕೊಂಡು ಬಂದ್ರೆ ಪಾಸ್. ರಾತ್ರಿ ಊಟ ಆದ್ಮೇಲೆ ಅಪ್ಪನ ಜೊತೆ ಟಿವಿಯಲ್ಲಿ. ಅಪ್ಪ ರಿಟೈರ್ಡ್ ಬಸ್ ಕಂಡಕ್ಟರ್, ಮಾದಪ್ಪನ ಬೆಟ್ಟದ ರೂಟಲ್ಲೇ ಸರ್ವಿಸ್ ಸವೆಸಿದವರು. ಹಾಗಾಗಿ ಕೆಳಗೆ ಬರೆದಿರೋ ಅಭಿಪ್ರಾಯದಲ್ಲಿ ಅರ್ಧ ಅವರದ್ದು.

ಡಾಕ್ಯುಮೆಂಟರಿ ಹುಚ್ಚು ಹತ್ತಿಸಿದ್ದು 'ದಿ ಹಂಟ್ ಫಾರ್ ವೀರಪ್ಪನ್' (2023, ನಾಲ್ಕು ಕಂತು). ಬೇರೆಯವರಿಗೆ ಇದು ಕ್ರೈಮ್ ಕತೆ, ನಮ್ಮ ಕಡೆಯವರಿಗೆ ಊರಿನ ವಿಷಯ. 2000ದ ಜುಲೈ 30ರ ರಾತ್ರಿ ಅಣ್ಣಾವ್ರನ್ನ ಗಾಜನೂರಿಂದ ಕರ್ಕೊಂಡು ಹೋದಾಗ ನಾನು ಹೈಸ್ಕೂಲು. ಅವರು ಬಿಡುಗಡೆ ಆಗೋಕೆ 108 ದಿನ ಬೇಕಾಯ್ತು. ಅಷ್ಟೂ ದಿನ ನಮ್ಮ ಬೀದಿಲಿ ಬೆಳಗ್ಗೆ ಎದ್ದೋರು ಹಲ್ಲುಜ್ಜೋ ಮುಂಚೆ ಕೇಳ್ತಿದ್ದಿದ್ದು ರೇಡಿಯೋ ವಾರ್ತೆ.

ಆ ಸೀರೀಸಲ್ಲಿ ಬಲು ಹಿಡಿಸಿದ್ದು ವೀರಪ್ಪನ್ ಹೆಂಡತಿ ಮುತ್ತುಲಕ್ಷ್ಮಿ ಮಾತಾಡೋ ಭಾಗ. ಆಕೆ ಹೇಳೋದನ್ನ ಒಪ್ಪಬೇಕು ಅಂತೇನಿಲ್ಲ. ಆದ್ರೆ ಆಕೆ ಮಾತಾಡುವಾಗ ಕಾಡುಗಳ್ಳನ ಹೆಂಡತಿ ಅನ್ನೋದು ಮರೆತು, ಯಾವುದೋ ಹೆಂಗಸು ತನ್ನ ಸಂಸಾರದ ಕತೆ ಹೇಳ್ತಿದಾಳೆ ಅನ್ನಿಸಿಬಿಡುತ್ತೆ. ಆಮೇಲೆ ಪೊಲೀಸಿನೋರು ಮಾತಾಡ್ತಾರೆ, ನಾವು ಮತ್ತೆ ನೆಲಕ್ಕೆ ಬೀಳ್ತೀವಿ. ಅಪ್ಪ ರಿಮೋಟ್ ಕೈಯಲ್ಲಿ ಹಿಡಿದು 'ಅವ್ವ, ಇಬ್ಬರದೂ ಸುಳ್ಳಲ್ಲ ಕಣ, ಇಬ್ಬರದೂ ಪೂರ್ತಿ ನಿಜಾನೂ ಅಲ್ಲ' ಅಂದ್ರು. ಒಳ್ಳೇ ಡಾಕ್ಯುಮೆಂಟರಿ ಅಂದ್ರೆ ಮನೇಲಿ ಇಂಥ ಮಾತು ಹುಟ್ಟಿಸಬೇಕು ಅಲ್ವಾ?

ಕೋಪ ಬಂದಿದ್ದು ಬೇರೆ ಕಾರಣಕ್ಕೆ. ಎರಡು ಮಾತು ಆಡೋಷ್ಟರಲ್ಲಿ ಕ್ಯಾಮೆರಾ ಎದ್ದು ಆಕಾಶಕ್ಕೆ ಹೋಗುತ್ತೆ. ಮೇಲಿಂದ ಕಾಡು, ಮೇಲಿಂದ ಹೊಳೆ, ಮೇಲಿಂದ ರಸ್ತೆ, ಜೊತೆಗೆ ಢಂ ಢಂ ಅಂತ ಸಂಗೀತ. ಪಾಲಾರ್ ಸ್ಫೋಟ ಗೊತ್ತಲ್ಲ, 1993ರ ಏಪ್ರಿಲ್ 9, ನೆಲಬಾಂಬಿಗೆ 22 ಜನ ಹೋದರು. ಪಾಲಾರ್ ಸೇತುವೆ ದಾಟಿದ್ರೆ ತಮಿಳುನಾಡು. ಆ ರಸ್ತೆ ಅಪ್ಪಂಗೆ ಅಂಗೈ ರೇಖೆ ಇದ್ದಂಗೆ. ಅದರ ಬಗ್ಗೆ ಒಬ್ಬ ಮನುಷ್ಯ ಮಾತಾಡ್ತಿದ್ರೆ ಸುಮ್ನೆ ಆತನ ಮುಖ ತೋರಿಸಿ ಸ್ವಾಮಿ! ಗಂಟಲು ಕಟ್ಟಿದ ಮೇಲೆ ಒಬ್ಬರು ಮುಂದಿನ ಮಾತು ಹುಡುಕೋಕೆ ಟೈಮ್ ಬೇಕಾಗುತ್ತೆ. ಅಷ್ಟರಲ್ಲಿ ಪಿಟೀಲು ಶುರು. ಅಪ್ಪ ಸೌಂಡ್ ಕಮ್ಮಿ ಮಾಡ್ತಾರೆ, ಮಾತು ಬಂದಾಗ ಜಾಸ್ತಿ ಮಾಡ್ತಾರೆ, ಹೀಗೇ ನಾಲ್ಕು ಕಂತು ಮುಗಿಸಿದ್ವಿ.

ಇನ್ನೊಂದು ಆಸೆ. ಅರಣ್ಯ ಇಲಾಖೆಯ ಡಿಸಿಎಫ್ ಪಿ. ಶ್ರೀನಿವಾಸ್ ಅವರದ್ದೇ ಒಂದು ಪೂರ್ತಿ ಚಿತ್ರ ಯಾರಾದ್ರೂ ಮಾಡಬಾರದಾ? ವೀರಪ್ಪನ್ ಹುಟ್ಟಿದ ಗೋಪಿನಾಥಂಗೇ ಹೋಗಿ, ಅಲ್ಲಿ ಜನಕ್ಕೆ ಔಷಧಿ ಕೊಡಿಸಿ, ಮಾರಿಯಮ್ಮನ ಗುಡಿ ಕಟ್ಟಿಸಿದ ಆಫೀಸರು. ಶರಣಾಗ್ತೀನಿ ಅಂತ ನಂಬಿಸಿ 1991ರ ನವೆಂಬರ್ 10ಕ್ಕೆ ಕೊಂದ್ರು. ಸತ್ತ ಮೇಲೆ ಕೀರ್ತಿಚಕ್ರ ಬಂತು. ಕೊಂದವನ ಮೇಲೆ ಎಷ್ಟು ಸಿನಿಮಾ, ಎಷ್ಟು ಸೀರೀಸು ಬಂದವು ನೋಡಿ. ಸತ್ತೋರ ಮೇಲೆ ಅಷ್ಟೇ ಹೊತ್ತು ಕ್ಯಾಮೆರಾ ನಿಲ್ಲಿಸೋಕೆ ಯಾರಿಗೂ ಪುರುಸೊತ್ತಿಲ್ಲ.

ಇನ್ನು ಸಿನಿಮಾಗೆ ಬಂದ್ರೆ, ನನ್ನ ಪಾಲಿಗೆ 'ತಿಥಿ'ನೇ ಮೊದಲು. ಅದು ಕತೆ ಕಟ್ಟಿ ಮಾಡಿದ ಸಿನಿಮಾನೇ, ಆದ್ರೂ ನಾನು ನೋಡಿರೋ ಅರ್ಧ ಡಾಕ್ಯುಮೆಂಟರಿಗಿಂತ ನಿಜ. ಶುರುವಲ್ಲೇ ಸೆಂಚುರಿ ಗೌಡ ಬೀದಿಬದಿ ಕೂತು ಹೋಗೋ ಬರೋರಿಗೆಲ್ಲ ಬೈತಾ ಇರ್ತಾನಲ್ಲ, ಅಂಥ ಅಜ್ಜ ಪ್ರತಿ ಊರಲ್ಲೂ ಇರ್ತಾನೆ, ನಮ್ಮ ಅಂಗಡಿಗೆ ಬಿಪಿ ಮಾತ್ರೆಗೆ ಬರ್ತಾನೆ. ಆ ಅಜ್ಜನ ಮೊಮ್ಮಗ ತಮ್ಮಣ್ಣ ಜಮೀನು ಮಾರೋಕೆ ಬದುಕಿರೋ ಅಪ್ಪಂಗೆ ಡೆತ್ ಸರ್ಟಿಫಿಕೇಟ್ ಮಾಡಿಸೋಕೆ ಓಡಾಡ್ತಾನೆ, ಅಪ್ಪ ಗಡ್ಡಪ್ಪ ಮಾತ್ರ ಬ್ರಾಂದಿ ಹಿಡ್ಕೊಂಡು ಹೊಲದ ಬದು ಮೇಲೆ ಆರಾಮಾಗಿ ನಡೀತಾ ಇರ್ತಾನೆ. ನಕ್ಕೂ ನಕ್ಕೂ ಸಾಕಾಯ್ತು. ಎಲ್ಲೂ 'ಈಗ ಅಳಿ' ಅಂತ ಯಾರೂ ನನ್ನ ತಿವಿಯಲಿಲ್ಲ.

'ಕೆಜಿಎಫ್' ನನಗೆ ಆಗಿಬರಲಿಲ್ಲ. ಬೈಯ್ಯೋರು ಬೈಯ್ಕೊಳ್ಳಿ. ಮೊದಲನೇ ಭಾಗ (2018) ಮನೆಮಂದಿ ಎಲ್ಲ ಹೋಗಿ ನೋಡಿದ್ವಿ, ನನ್ನ ಮಗ ಸೀಟ್ ಮೇಲೆ ನಿಂತ್ಕೊಂಡಿದ್ದ. ನನಗೆ ಕಂಡಿದ್ದು ಮಸಿ, ಗಡ್ಡ, ಸುತ್ತಿಗೆ. ಅಷ್ಟು ಜನ ಕೂಲಿಗಳನ್ನ ತೋರಿಸ್ತಾರೆ, ಒಬ್ಬರ ಮನೇಲಿ ರಾತ್ರಿ ಏನು ಅಡುಗೆ ಅಂತ ಗೊತ್ತಾಗಲ್ಲ. ನಿಜವಾದ ಕೆಜಿಎಫ್ ಕತೆ ಇದಕ್ಕಿಂತ ರೋಚಕ ಸ್ವಾಮಿ. ಇಲ್ಲೇ ನಮ್ಮ ಪಕ್ಕದ ಶಿವನಸಮುದ್ರದಿಂದ 1902ರಲ್ಲೇ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಅಲ್ಲಿಗೆ ಕರೆಂಟ್ ಕೊಟ್ಟಿದ್ದು. ಬೆಂಗಳೂರಿಗೆ ಬಂದಿದ್ದು ಆಮೇಲೆ, 1905ಕ್ಕೆ. ನೆಲದೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳೀತಿದ್ದ ಜನ, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು ಅಂದಾಗ ಎಲ್ಲಿಗೆ ಹೋದ್ರು? ದಿನಾ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾರೆ. ಆ ರೈಲಲ್ಲಿ ಕ್ಯಾಮೆರಾ ಇಟ್ಟು ಒಂದು ಗಂಟೆ ಸುಮ್ನೆ ಕೂತ್ಕೊಳ್ಳಿ, ನಾನು ದುಡ್ಡು ಕೊಟ್ಟು ನೋಡ್ತೀನಿ.

'ವೈಲ್ಡ್ ಕರ್ನಾಟಕ' ಅರ್ಧ ಇಷ್ಟ. ನೀರುನಾಯಿಗಳು ಗುಂಪು ಕಟ್ಕೊಂಡು ಹುಲಿಗೇ ಜೋರು ಮಾಡೋದು ನೋಡಿ ಅಪ್ಪ ಚಪ್ಪಾಳೆ ಹೊಡೆದರು. ಡೇವಿಡ್ ಅಟೆನ್‌ಬರೋ ದನಿ ಬಗ್ಗೆ ನಾನು ಹೇಳೋದೇನಿದೆ, ಆ ನಿರೂಪಣೆಗೆ ನಮ್ಮ ರಾಷ್ಟ್ರಪ್ರಶಸ್ತಿನೇ ಕೊಟ್ಟಿದ್ದಾರೆ. ಆದ್ರೆ 52 ನಿಮಿಷದಲ್ಲಿ ಇಡೀ ಕರ್ನಾಟಕ! ಒಂದು ಪ್ರಾಣಿ ಪರಿಚಯ ಆಗೋಷ್ಟರಲ್ಲಿ ಇನ್ನೊಂದು. ಮದುವೆ ಮನೇಲಿ ಬಡಿಸೋರು ಓಡಿದಂಗೆ, ಪಲ್ಯ ಬಾಯಿಗೆ ಇಡೋಷ್ಟರಲ್ಲಿ ಪಾಯಸ.

ಹಾಗಾದ್ರೆ ನನ್ನ ಪ್ರಶ್ನೆ: ಜನ ಮಾತಾಡೋದನ್ನ ಪೂರ್ತಿ ಕೇಳಿಸಿಕೊಳ್ಳೋ, ಡ್ರೋನ್ ಕೆಳಗಿಟ್ಟು ಮಾಡಿದ ಡಾಕ್ಯುಮೆಂಟರಿ ಯಾವುದಿದೆ? ಕನ್ನಡ, ಇಲ್ಲಾ ತಮಿಳು ಆದ್ರೆ ಅಪ್ಪನೂ ನೋಡ್ತಾರೆ. ನಿಮಗೆ ಆಗದಿದ್ದ ಸಿನಿಮಾನೂ ಹೇಳಿ, ದುಡ್ಡು ಉಳಿಯುತ್ತೆ.

ಮುದ್ದೆ_ಬಸ್ಸಾರು (ಮಂಡ್ಯ):

ಅಕ್ಕೋ, ತಿಥಿ ಬಗ್ಗೆ ಬರೆದಿದ್ದು ಓದಿ ಒಂಥರಾ ಖುಷಿ ಆಯ್ತು ಕಣಕ್ಕ. ಅದನ್ನ ತೆಗೆದ ಊರು ನೊದೆಕೊಪ್ಪಲು ನಮ್ಮ ಕಡೇದೇ. ಆ ಸಿನಿಮಾದಲ್ಲಿ ನಟ ಅಂತ ಹೇಳ್ಕೊಳ್ಳೋರು ಯಾರೂ ಇಲ್ಲ, ಎಲ್ಲ ಅಲ್ಲಿನ ಸುತ್ತಮುತ್ತಿನ ಜನವೇ. ಕತೆ ಬರೆದವರಲ್ಲಿ ಒಬ್ಬರಾದ ಈರೇಗೌಡ್ರಿಗೂ ಅದೇ ಊರು. ಅದಕ್ಕೇ ಬೈಗುಳ ಬೈಗುಳದಂಗೇ ಇರೋದು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಹೊಡೀತು, ಆಮೇಲೆ 2016ರಲ್ಲಿ ನಮ್ಮ ಥಿಯೇಟ್ರಿಗೆ ಬಂತು. ನನ್ನ ಹಿಂದೆ ಕೂತಿದ್ದ ಯಜಮಾನ್ರೊಬ್ರು ಪಕ್ಕದೋರಿಗೆ, 'ಇದ್ರಲ್ಲಿ ಸಿನಿಮಾ ಯಾವಾಗ ಸುರು ಆಯ್ತದೆ?' ಅಂತ ಕೇಳ್ತಿದ್ರು. ಇಂಟರ್ವೆಲ್ ಆದ್ಮೇಲೆ ಅವರೇ ಎಲ್ಲರಿಗಿಂತ ಜೋರಾಗಿ ನಗ್ತಿದ್ರು.

ಕೆಜಿಎಫ್ ವಿಷ್ಯಕ್ಕೆ ಮಾತ್ರ ನಾನು ಒಪ್ಪಾಕಿಲ್ಲ. ಎಲ್ಲ ಸಿನಿಮಾನೂ ಕೂಲಿಯೋರ ಮನೆ ಅಡುಗೆ ತೋರುಸ್ಬೇಕಾ? ನಾನು ಕಬ್ಬು ಕಡಿಸಿ, ಫ್ಯಾಕ್ಟ್ರಿ ಮುಂದೆ ಲಾರಿ ಕ್ಯೂನಲ್ಲಿ ಒಂದಿನ ಕಾದು ಮನೆಗೆ ಬಂದಿರ್ತೀನಿ. ಅವತ್ತು ನಂಗೆ ಬೇಕಾಗಿದ್ದು ರಾಕಿ ಭಾಯ್ ಒಬ್ನೇ ನೂರು ಜನುಕ್ಕೆ ಹೊಡೆಯೋದು. ನಿಮ್ಮ ಮಗ ಸೀಟ್ ಮ್ಯಾಲೆ ನಿಂತಿದ್ದೇ ಸರಿ.

ನಂಗೆ ಆಗದಿರೋದು ಯಾವ್ದು ಗೊತ್ತಾ? ರೈತನ ಹೆಸರಲ್ಲಿ ಮಾಡೋ ಸಿನಿಮಾಗಳು. ಹೀರೋ ಪಂಚೆ ಇಸ್ತ್ರಿ ಹಾಕಿರ್ತದೆ, ಹೆಗಲ ಮ್ಯಾಲೆ ಹಸಿರು ಶಾಲು, ನೇಗಿಲು ಹಿಡಿಯೋ ಕೈ ನೋಡಿದ್ರೆ ಆವಯ್ಯ ಇವತ್ತೇ ಮೊದಲ್ನೇ ಸಲ ಗದ್ದೆಗೆ ಇಳಿದಿರೋದು ಅಂತ ಎತ್ತಿಗೂ ಗೊತ್ತಾಯ್ತದೆ. ಕೊನೇಲಿ ಅರ್ಧ ಗಂಟೆ ಭಾಷಣ. ಅಷ್ಟೊತ್ತು ಭಾಷಣ ನಮ್ಮ ರಾಜಕಾರಣಿಗಳೂ ಮಾಡಾಕಿಲ್ಲ.

ಸಾಧನಕೇರಿ_ದಂಡಿ (ಧಾರವಾಡ):

ಅಕ್ಕಾರ, ನಿಮ್ಮ ಪ್ರಶ್ನೆಗೆ ಸೀದಾ ಉತ್ತರ ಕೊಡ್ತೇನ್ರಿ. 'ಆಲ್ ದಟ್ ಬ್ರೀದ್ಸ್' ನೋಡ್ರಿ. ಶೌನಕ್ ಸೇನ್ ಮಾಡಿದ್ದು, 2022ರಾಗ ಸನ್‌ಡ್ಯಾನ್ಸ್ ಮತ್ತ ಕಾನ್ ಎರಡೂ ಕಡೆ ಡಾಕ್ಯುಮೆಂಟರಿ ಪ್ರಶಸ್ತಿ ಬಂದಾವ. ದಿಲ್ಲಿಯೊಳಗ ನದೀಮ್ ಮತ್ತ ಸೌದ್ ಅಂತ ಅಣ್ಣತಮ್ಮ. ಗಾಳಿಪಟದ ಮಾಂಜಾ ದಾರಕ್ಕ ರೆಕ್ಕಿ ಕತ್ತರಿಸಿಕೊಂಡು ಬೀಳೋ ಹದ್ದುಗಳನ್ನ ತಮ್ಮ ಮನಿ ನೆಲಮಾಳಿಗಿಯೊಳಗ ಇಟ್ಟು ಔಷಧ ಮಾಡ್ತಾರ. ಕತಿ ಇಷ್ಟ ಐತಿ. ಯಾರೂ ಹಿಂದ ನಿಂತು ವಿವರಣಿ ಕೊಡೂದಿಲ್ಲ.

ಸುರುವಿನಾಗ ಕ್ಯಾಮೆರಾ ರಾತ್ರಿಯೊಳಗ ನೆಲಕ್ಕ ಹತ್ತಿ ಹೊಂಟಿರ್ತೈತಿ, ಸುತ್ತ ಮುತ್ತ ಇಲಿ. ಒಂದಲ್ಲ ಎರಡಲ್ಲ, ಇಲಿ ಸಂತಿ. ನಮ್ಮನಿಯಾಕಿ ಅದನ್ನ ನೋಡಿ ಎದ್ದ ಹೋದ್ಲು, ಚಾ ಮಾಡ್ಕೊಂಡು ಬಂದ್ಲು, ಇನ್ನೂ ಇಲಿನ ಇದ್ದುವು. ಆಮ್ಯಾಲ ಕುಂತಾಕಿ ಕಡೀತನಕ ಏಳಲಿಲ್ಲ. ಮಾಂಸ ಕುಯ್ಯೋ ಮಶೀನ್ ಕೆಟ್ಟು ನಿಂತಾಗ ಅಣ್ಣತಮ್ಮ ಹೆಂಗ ಗೊಣಗ್ತಾರ, ದುಡ್ಡಿಗೆ ಹೆಂಗ ಒದ್ದಾಡ್ತಾರ, ಎಲ್ಲಾ ಮನಿಯೊಳಗ ಕುಂತು ನೋಡಿಧಂಗ ಆಗ್ತೈತಿ. ಊರಾಗಿನ ಗಲಾಟಿ ಸುದ್ದಿ ಕಿಟಕಿಯಿಂದ ಕೇಳಿದಷ್ಟ ಕೇಳಸ್ತೈತಿ. ಅಷ್ಟ ಸಾಕು. ಹಿಂದಿಯೊಳಗ ಐತಿ, ಅಪ್ಪಾರಿಗೆ ತ್ರಾಸ ಆಗಬಹುದು.

ಅಪ್ಪಾರಿಗೆ ಅಂದ್ರ ಇನ್ನೊಂದು ಐತ್ರಿ. ಬೇಂದ್ರೆ ಅಜ್ಜಾರ ಮ್ಯಾಲ ಗಿರೀಶ ಕಾರ್ನಾಡರು ಮಾಡಿದ ಸಾಕ್ಷ್ಯಚಿತ್ರ. ಹಳೇದು, ಚಿತ್ರ ಮಸಕ ಐತಿ, ಆದ್ರ ಅಜ್ಜಾರ ಸ್ವತಃ ಕಾಣಸ್ತಾರ. ಡ್ರೋನ್ ಅನ್ನೂದು ಆಗ ಹುಟ್ಟಿರಲಿಲ್ಲ, ಆ ಚಿಂತಿ ಇಲ್ಲ.

ಬೈಯೋ ಪಾಳಿ ನಂದು: ಸಾಧಕರ ಮ್ಯಾಲ ಬರೋ ಚರಿತ್ರಾ ಸಿನಿಮಾ. ಬಾಲ್ಯದಾಗ ಬಡತನ, ಒಬ್ಬ ಮಾಸ್ತರ ಬೈತಾನ, ಅವ್ವ ಬಳಿ ಮಾರ್ತಾಳ, ಮಳ್ಯಾಗ ಓಡ್ತಾನ, ಗೆಲ್ತಾನ. ಯಾರ ಹೆಸರು ಹಾಕಿದ್ರೂ ನಡೀತೈತಿ.

ಬಂದರು_ಬದಿ (ಮಲ್ಪೆ):

ನಾನು ಡಾಕ್ಯುಮೆಂಟರಿ ನೋಡುವವ ಅಲ್ಲ ಮಾರಾಯ್ರೆ, ನಿದ್ರೆ ಬರ್ತದೆ. ಆದರೆ ಡ್ರೋನ್ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು. ನಮ್ಮ ಬೀಚಿಗೆ ಬಂದು ಶೂಟಿಂಗ್ ಮಾಡುವವರು ಮೊದಲು ತೆಗೆಯುವುದೇ ಅದು. ಮೇಲಿಂದ ನೋಡಿದರೆ ಬೋಟುಗಳು ಚಂದ ಕಾಣ್ತದೆ, ನಿಜ. ಮೇಲಿಂದ ಮೀನಿನ ವಾಸನೆ ಬರುವುದಿಲ್ಲ ಅಲ್ವಾ.

'ಉಳಿದವರು ಕಂಡಂತೆ' ನೋಡಿ. 2014ರಲ್ಲಿ ಬಂದಾಗ ಥಿಯೇಟರಿನಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಆಮೇಲೆ ಮೊಬೈಲಿನಲ್ಲಿ ನೋಡಿದವರೆಲ್ಲ ಈಗ 'ನಾನು ಆಗಲೇ ಹೇಳಿದ್ದೆ' ಅನ್ನುವವರೇ. ಒಂದೇ ಘಟನೆ, ಒಬ್ಬೊಬ್ಬರು ಕಂಡ ಹಾಗೆ ಬೇರೆ ಬೇರೆ. ನಿಮ್ಮ ಅಪ್ಪ ಹೇಳಿದ ಮಾತಿಗೆ ಸರಿಯಾಗಿ ಕೂರ್ತದೆ. ಹುಲಿವೇಷದ ತಾಸೆ ಪೆಟ್ಟು ಕೇಳಿದರೆ ಇವತ್ತಿಗೂ ನನಗೆ ಕಾಲು ನಿಲ್ಲುವುದಿಲ್ಲ.

'ಕಾಂತಾರ' ಚಂದ ಉಂಟು, ಕೊನೆಯ ಇಪ್ಪತ್ತು ನಿಮಿಷ ಮಾತೇ ಇಲ್ಲ. ಅದರ ನಂತರ ಬಂದದ್ದು ಕಷ್ಟ. ಈಗ ಎಲ್ಲ ಸಿನಿಮಾದಲ್ಲೂ ಒಂದು ದೈವ, ಒಂದು ದೀವಟಿಗೆ, ಒಂದು ಕಿರುಚಾಟ. ನಮ್ಮ ಮನೆಯ ಕೋಲದಲ್ಲಿ ದೈವ ಮಾತಾಡುವಾಗ ಎದುರು ನಿಂತವರಿಗೆ ಉಸಿರು ಬಿಡುವ ಶಬ್ದ ಕೇಳ್ತದೆ, ಅಷ್ಟು ಮೌನ. ಇವರು ಅಲ್ಲಿಗೂ ಸ್ಪೀಕರ್ ತಂದು ಇಟ್ಟಿದ್ದಾರೆ.

ಕೆ_ಗುಡಿ_ಮೇಷ್ಟ್ರು (ಬಿ.ಆರ್. ಹಿಲ್ಸ್):

ಅಕ್ಕ, 'ವೈಲ್ಡ್ ಕರ್ನಾಟಕ'ದ ಬಗ್ಗೆ ನನ್ನ ತಕರಾರು ಬೇರೆ. ನಾನು ಇಲ್ಲಿ ಸೋಲಿಗರ ಮಕ್ಕಳಿಗೆ ಪಾಠ ಮಾಡ್ತೀನಿ. ಕಾಡಿನ ಚಿತ್ರ ಅಂತ ಶಾಲೆಯಲ್ಲಿ ಪ್ರೊಜೆಕ್ಟರ್ ಹಾಕಿ ತೋರಿಸಿದೆ. ಮಕ್ಕಳು ಪ್ರಾಣಿಗಳ ಹೆಸರನ್ನೆಲ್ಲ ನಿರೂಪಣೆಗೆ ಮುಂಚೆನೇ ಕೂಗಿ ಹೇಳಿದ್ವು. ಹೊಳೆ ಸದ್ದಲ್ಲಿ ತನ್ನ ಕೂಗು ಹೆಣ್ಣಿಗೆ ಕೇಳಿಸಲ್ಲ ಅಂತ ಹಿಂಗಾಲು ಚಾಚಿ ಕುಣಿಯೋ ಕಪ್ಪೆ ಬಂದಾಗ ಇಡೀ ಕ್ಲಾಸು ಎದ್ದು ಕಾಲು ಚಾಚಿತು. ಮುಗಿದ ಮೇಲೆ ಒಬ್ಬ ಹುಡುಗಿ ಕೇಳಿದಳು, 'ಸಾ, ಇದ್ರಲ್ಲಿ ನಾವು ಎಲ್ಲವ್ರೆ?'

ನನ್ನ ಬಳಿ ಉತ್ತರ ಇರಲಿಲ್ಲ. ಕಾಡಿನ ಡಾಕ್ಯುಮೆಂಟರಿ ಹೆಚ್ಚಿನವು ಹೀಗೇ. ಜನ ಕಂಡ್ರೆ ಕಾಡಿನ ಅಂದ ಕೆಡುತ್ತೆ ಅನ್ನೋ ಹಾಗೆ ಒರೆಸಿಬಿಡ್ತಾರೆ. ಈ ಬೆಟ್ಟದಲ್ಲಿ ಹುಲಿ ಇದೆ, ಸೋಲಿಗರೂ ಇದ್ದಾರೆ. 2011ರಲ್ಲಿ ಇವರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ. ಹಿಂದೆ ಇವರು ಹಾಕ್ತಿದ್ದ ತರಗು ಬೆಂಕಿ ನಿಲ್ಲಿಸಿದ ಮೇಲೆ ಲಂಟಾನ ಕಳೆ ಹೇಗೆ ಕಾಡನ್ನೆಲ್ಲ ಮುಚ್ಚಿತು ಅಂತ ಇಲ್ಲಿನ ಹಿರಿಯರು ಗಂಟೆಗಟ್ಟಲೆ ಹೇಳ್ತಾರೆ. ದೊಡ್ಡ ಸಂಪಿಗೆ ಮರದ ಹತ್ತಿರ ಕೂತು ಆ ಮಾತನ್ನ ಹಾಗೇ ರೆಕಾರ್ಡ್ ಮಾಡಿದ್ರೆ ಸಾಕು.

ಆ ಲೆಕ್ಕದಲ್ಲಿ 'ದಿ ಎಲಿಫೆಂಟ್ ವಿಸ್ಪರರ್ಸ್' ನೋಡಬಹುದು. ಬಂಡೀಪುರ ದಾಟಿದ್ರೆ ಮುದುಮಲೆ, ಅಲ್ಲಿನ ತೆಪ್ಪಕಾಡು ಆನೆ ಶಿಬಿರ. ಬೊಮ್ಮನ್, ಬೆಳ್ಳಿ, ಜೊತೆಗೆ ರಘು ಅನ್ನೋ ತಬ್ಬಲಿ ಮರಿ. ಭಾಷೆ ತಮಿಳು, ಅಪ್ಪನಿಗೆ ಆಗುತ್ತೆ. 2023ರಲ್ಲಿ ಆಸ್ಕರ್ ಬಂದಿದ್ದು ಗೊತ್ತೇ ಇದೆ. ಮುಕ್ಕಾಲು ಗಂಟೆಯೂ ಇಲ್ಲ. ಡ್ರೋನ್ ಇದೆ, ಸೂರ್ಯಾಸ್ತ ಜಾಸ್ತಿನೇ ಇದೆ, ಮೊದಲೇ ಹೇಳಿಬಿಡ್ತೀನಿ. ಆದ್ರೆ ರಘುನ ಬೇರೆಯವರ ಕೈಗೆ ಒಪ್ಪಿಸೋ ಭಾಗದಲ್ಲಿ ಆ ದಂಪತಿ ಸುಮ್ಮನೆ ನಿಂತಿರ್ತಾರೆ ನೋಡಿ, ಅದಕ್ಕಾಗಿ ಉಳಿದದ್ದನ್ನ ಮಾಫಿ ಮಾಡಬಹುದು.

ಮಾತ್ರೆ_ಅಂಗಡಿ (ಕೊಳ್ಳೇಗಾಲ):

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ಎಲಿಫೆಂಟ್ ವಿಸ್ಪರರ್ಸ್ ನಿನ್ನೆ ರಾತ್ರಿ ಅಪ್ಪನ ಜೊತೆ ನೋಡಿಯೂ ಆಯ್ತು. ಬೆಳ್ಳಿ ಮರಿಗೆ ತಿನ್ನಿಸುವಾಗ ಗದರಿಸ್ತಾರಲ್ಲ, ಅಪ್ಪ ಅಷ್ಟೂ ಹೊತ್ತು ನನ್ನ ಮಗನ ಕಡೆ ನೋಡಿ ನಗ್ತಿದ್ರು. ಸೂರ್ಯಾಸ್ತ ಮಾತ್ರ ನಿಜವಾಗ್ಲೂ ಜಾಸ್ತಿ. ಅದೆಷ್ಟು ಸಲ ಸೂರ್ಯ ಮುಳುಗಿದ್ನೋ ಪಾಪ.

ನಿಮ್ಮ ಹುಡುಗಿ ಕೇಳಿದ ಪ್ರಶ್ನೆ ಓದಿ 'ಗಂಧದ ಗುಡಿ' ನೆನಪಾಯ್ತು, 2022ರದ್ದು, ಅಪ್ಪು ಅವರದ್ದು. ಅದನ್ನ ಡಾಕ್ಯುಮೆಂಟರಿ ಅಂತ ಅಳೆಯೋಕೆ ನನ್ನ ಕೈಲಿ ಆಗಲ್ಲ. ಅವರು ಹೋಗಿ ವರ್ಷ ತುಂಬೋ ಹಿಂದಿನ ದಿನ, ಅಕ್ಟೋಬರ್ 28ಕ್ಕೆ ಬಿಡುಗಡೆ ಆಯ್ತು, ಥಿಯೇಟರಿನಲ್ಲಿ ಯಾರ ಕಣ್ಣೂ ಒಣಗಿರಲಿಲ್ಲ. ಡ್ರೋನ್ ಬೇಕಾದಷ್ಟಿತ್ತು, ನನಗೆ ಲೆಕ್ಕಕ್ಕೇ ಬರಲಿಲ್ಲ. ಸ್ಟಾರ್ ಅನ್ನೋದನ್ನ ಬಿಟ್ಟು ಪ್ಯಾಂಟು ಮಡಚಿ ಕಾಡಲ್ಲಿ ನಡೀತಾ, ಹಾವು ಅಂದ್ರೆ ಭಯ ಅಂತ ಬಾಯಿಬಿಟ್ಟು ಹೇಳೋ ಒಬ್ಬ ಮನುಷ್ಯ. ಅಂಥ ಚಿತ್ರಕ್ಕೆ ನನ್ನ ರೂಲ್ಸ್ ಅನ್ವಯಿಸಲ್ಲ. ಮೋಸ ಅಂದ್ರೆ ಅನ್ನಿ.

ಮಂಡ್ಯದ ತಮ್ಮ, ನಿನ್ನ ಕಬ್ಬಿನ ಲಾರಿ ಕ್ಯೂನೇ ಒಂದು ಡಾಕ್ಯುಮೆಂಟರಿ ಕಣಪ್ಪ. ರಾಕಿ ಭಾಯ್ ಬಂದ್ರೂ ಆ ಕ್ಯೂ ಮುಂದೆ ಹೋಗಲ್ಲ.

ಧಾರವಾಡದವರೇ, ಹದ್ದಿನ ಚಿತ್ರ ಅಂಗಡೀಲಿ ನೋಡ್ತಿದೀನಿ, ಇಲಿ ದಾಟಿ ಬಂದಿದೀನಿ. ಪೌಡರು, ಗಾಜ್, ಬ್ಯಾಂಡೇಜು ಇಟ್ಕೊಂಡು ಆ ಅಣ್ಣತಮ್ಮ ಕೂತಿರೋದು ನೋಡಿದ್ರೆ ನಮ್ಮ ವೃತ್ತಿಯವರೇ ಅನ್ನಿಸ್ತು.

ಕೊನೇದಾಗಿ ಒಂದು ಟೆಕ್ನಿಕಲ್ ಡೌಟು. ಸೀರೀಸ್ ನೋಡುವಾಗ ಕಂತು ಮುಗಿದು ಹೆಸರು ಬರೋ ಹೊತ್ತಿಗೆ ಚಿತ್ರ ಸಣ್ಣದಾಗಿ ಮುಂದಿನ ಕಂತು ಓಡೋಕೆ ಶುರು ಆಗಿಬಿಡುತ್ತೆ. ಅಪ್ಪಂಗೆ ಹೆಸರು ಓದ್ಬೇಕು. ಕ್ಯಾಮೆರಾ ಯಾರದ್ದು, ಡ್ರೈವರ್ ಯಾರು, ಎಲ್ಲಾ. ರಿಮೋಟ್ ಹುಡುಕೋಷ್ಟರಲ್ಲಿ ಹೋಗಿರುತ್ತೆ. ಏನು ಮಾಡೋದು?

ಮುದ್ದೆ_ಬಸ್ಸಾರು (ಮಂಡ್ಯ):

ನೆಟ್‌ಫ್ಲಿಕ್ಸ್ ಆದ್ರೆ ಸುಲಭ ಅಕ್ಕ. ಟಿವಿಲಿ ಹುಡುಕ್ಬೇಡಿ, ಫೋನಲ್ಲೋ ಕಂಪ್ಯೂಟ್ರಲ್ಲೋ ಬ್ರೌಸರ್ ತೆಗೆದು ಲಾಗಿನ್ ಆಗಿ. ಅಕೌಂಟಿಗೆ ಹೋಗಿ ನಿಮ್ಮ ಪ್ರೊಫೈಲ್ ಆರಿಸ್ಕೊಳಿ, ಅದ್ರೊಳಗೆ ಪ್ಲೇಬ್ಯಾಕ್ ಸೆಟ್ಟಿಂಗ್ಸ್ ಅಂತ ಐತೆ. ಮುಂದಿನ ಎಪಿಸೋಡ್ ಆಟೋಪ್ಲೇ ಅಂತ ಇರೋದ್ರ ಮುಂದಿನ ಟಿಕ್ ತೆಗೆದು ಸೇವ್ ಕೊಡಿ. ಮಗನ ಪ್ರೊಫೈಲ್ ಬೇರೆ ಇದ್ರೆ ಅದ್ರಲ್ಲೂ ತೆಗೀಬೇಕು, ಇಲ್ಲಾಂದ್ರೆ ಆವಯ್ಯನ ಪ್ರೊಫೈಲಲ್ಲಿ ಟಿವಿ ಹಾಕ್ದಾಗ ಮತ್ತೆ ಓಡ್ತದೆ.